ಗೃಹ ಸಚಿವರಿಗೆ ಬಹಿರಂಗ ಪತ್ರ: ಆ ಚಾಕು ತೊಳೆಯಲು ಬಿಡಬೇಡಿ

ಮಾನ್ಯ ಗೃಹ ಸಚಿವರೇ,

ಮಾಟ-ಮಂತ್ರದ ಹೆಸರಿನ ಹಿಂಸೆ, ವಂಚನೆ ತಡೆಯುವ ನಮ್ಮ ರಾಜ್ಯದ ಮೌಢ್ಯ ನಿಷೇಧ ಕಾಯ್ದೆಗೆ 2017ರ ಬೆಳಗಾವಿ ಅಧಿವೇಶನದಲ್ಲಿ ಒಪ್ಪಿಗೆ ಸಿಕ್ಕಿತು, 2020ರ ಜನವರಿಯಲ್ಲಿ ಜಾರಿಗೂ ಬಂತು. ಕನಿಷ್ಠ 1 ವರ್ಷ, ಗರಿಷ್ಠ 7 ವರ್ಷ ಸೆರೆ; 5,000ದಿಂದ 50,000 ರೂಪಾಯಿವರೆಗೆ ದಂಡ. ಕಾನೂನೇನೋ ಗಟ್ಟಿಯಾಗಿಯೇ ಇದೆ. ಆದರೆ ಇಂಥ ಪ್ರಕರಣ ನಡೆದ ಸ್ಥಳಕ್ಕೆ ಮೊದಲು ಹೋಗುವ ಪೇದೆಗೆ, ಪಿಎಸ್‌ಐಗೆ ಅಲ್ಲಿ ಏನನ್ನು ಎತ್ತಿಟ್ಟುಕೊಳ್ಳಬೇಕು, ಏನನ್ನು ಮುಟ್ಟಬಾರದು ಎಂದು ಹೇಳಿಕೊಡುವ ಒಂದು ದಿನದ ತರಬೇತಿ ಬೇಕು. ಈ ಪತ್ರ ಅಷ್ಟಕ್ಕೇ.

ದೆವ್ವ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಠಾಣೆಯ ಕೆಲಸವಲ್ಲ. ಮನೆ-ಗುಡಿಗಳ ಪೂಜೆ, ಹರಿಕಥೆ, ಯಾತ್ರೆ, ಜ್ಯೋತಿಷ್ಯ, ವಾಸ್ತು ಇವನ್ನೆಲ್ಲ ಕಾಯ್ದೆಯೇ ಹೊರಗಿಟ್ಟಿದೆ (ಜ್ಯೋತಿಷ್ಯವನ್ನು ಬಿಟ್ಟಿದ್ದು ನಮಗೆ ಹಿಡಿಸಿಲ್ಲ, ಆ ಮಾತು ಇನ್ನೊಮ್ಮೆ). ಯಾರು ಹೊಡೆದರು, ಯಾರು ದುಡ್ಡು ತೆಗೆದುಕೊಂಡರು, ಚಾಕುವಿಗೆ ಏನು ಸವರಿತ್ತು? ಠಾಣೆ ಇಷ್ಟು ಕೇಳಿದರೆ ಸಾಕು.

ಚಾಕುವಿನಿಂದಲೇ ಶುರು ಮಾಡೋಣ. ಮಂತ್ರವಾದಿ ನಿಂಬೆಹಣ್ಣು ಕೊಯ್ಯುತ್ತಾನೆ, ಕೆಂಪು ರಸ ಇಳಿಯುತ್ತದೆ, 'ನೋಡಿ, ಮಾಟದ ರಕ್ತ' ಎನ್ನುತ್ತಾನೆ. ಅದು ಅರಿಶಿನ-ಸುಣ್ಣದ ಓಕುಳಿ ಅಷ್ಟೇ ಎನ್ನುವ ವಿಚಾರವಂತರು ಬೇಕಾದಷ್ಟು ಜನ ಸಿಗುತ್ತಾರೆ. ಅದು ತಪ್ಪು. ಅರಿಶಿನ ಕೆಂಪಾಗುವುದು ಸುಣ್ಣದಂಥ ಕ್ಷಾರ ಸೇರಿದಾಗ. ನಿಂಬೆಯ ಹುಳಿ ಬಿದ್ದರೆ ಓಕುಳಿಯೇ ಮತ್ತೆ ಹಳದಿಗೆ ತಿರುಗುತ್ತದೆ. ಊರವರ ಮುಂದೆ ಹಾಗೆ ಮಾಡಿ ತೋರಿಸಲು ಹೋಗಿ ಕೈಯಲ್ಲಿ ಹಳದಿ ರಸ ಉಳಿದರೆ ಅವತ್ತು ಗೆದ್ದವನು ಮಂತ್ರವಾದಿಯೇ. ಅಲಗಿಗೆ ಸವರಿ ಒಣಗಿಸುವುದು ಸಾಮಾನ್ಯವಾಗಿ ಮೀಥೈಲ್ ಆರೆಂಜ್, ಪಿಯುಸಿ ಪ್ರಯೋಗಾಲಯದ ಟೈಟ್ರೇಶನ್ ಬಾಟಲಿಯಲ್ಲಿರುವುದೇ. ಹುಳಿ ತಾಗಿದರೆ ಕೆಂಪು, ವಾಷಿಂಗ್ ಸೋಡಾ ನೀರು ತಾಗಿದರೆ ಹಳದಿ. ರಕ್ತ ಹೀಗೆ ಹಿಂದೆ-ಮುಂದೆ ಬಣ್ಣ ಬದಲಿಸುವುದಿಲ್ಲ. ಇನ್ನೊಂದು ದಾರಿಯೂ ಇದೆ: ಅಲಗಿಗೆ ಫೆರಿಕ್ ಕ್ಲೋರೈಡ್, ಹಣ್ಣಿನೊಳಗೆ ಸಿರಿಂಜಿನಿಂದ ಥಯೋಸಯನೇಟ್; ಎರಡೂ ರಾಸಾಯನಿಕ ಸೇರಿದರೆ ರಕ್ತಗೆಂಪು. ಆಗ ತೊಟ್ಟಿನ ಸುತ್ತ ಸೂಜಿಯ ಗುರುತು ಹುಡುಕಬೇಕು. ಚಾಕುವನ್ನು ಒರೆಸದೆ, ಒಣಗಲು ಬಿಟ್ಟು, ಕಾಗದದ ಕವರಿಗೆ ಹಾಕಿ. ಪ್ಲಾಸ್ಟಿಕ್ಕಿನಲ್ಲಿ ಹಸಿ ಉಳಿದು ಬೂಷ್ಟು ಬರುತ್ತದೆ. ಕೊಯ್ಯದೆ ಉಳಿದ ಹಣ್ಣುಗಳಿಗೆ ಬೇರೆ ಕವರು. ಪಂಚರೇ ಅಂಗಡಿಯಿಂದ ತಂದ ಹಣ್ಣನ್ನು ಅವರ ಮನೆಯ ಚಾಕುವಿನಿಂದ ಅಲ್ಲೇ ಕೊಯ್ದು ಮಹಜರಿನಲ್ಲಿ ಬರೆಯಿರಿ. ಆ ಹೋಲಿಕೆಯೊಂದು ಇಲ್ಲದಿದ್ದರೆ ವಕೀಲರು ಮೊದಲು ಕೇಳುವುದೇ ಅದನ್ನು.

ಕಡ್ಡಿ ಗೀರದೆ ಹೋಮದ ಬೆಂಕಿ ಹೊತ್ತಿಸುವುದು ಪೊಟ್ಯಾಷಿಯಂ ಪರ್ಮ್ಯಾಂಗನೇಟ್ ಪುಡಿ ಮತ್ತು ಗ್ಲಿಸರಿನ್ ಆಟ. ಪುಡಿ ಕಟ್ಟಿಗೆಯ ನಡುವೆ ಇರುತ್ತದೆ, ಗ್ಲಿಸರಿನ್ 'ತುಪ್ಪ'ವಾಗಿ ಬೀಳುತ್ತದೆ. ಪುಡಿ ನುಣ್ಣಗಿದ್ದು ಹವೆ ಬೆಚ್ಚಗಿದ್ದರೆ ಅರೆ ನಿಮಿಷದಲ್ಲೇ ಹೊತ್ತಬಹುದು. ಚಳಿಗೆ ಗ್ಲಿಸರಿನ್ ಗಟ್ಟಿಯಾದರೆ ತಡ. ಧನುರ್ಮಾಸದಲ್ಲಿ ಮಂತ್ರ ಉದ್ದವಾಗುವುದು ಅದಕ್ಕೇ! ಪುಡಿ ಮುಟ್ಟಿದ ಬೆರಳಿಗೆ ಕಂದು ಕಲೆ ಕೂರುತ್ತದೆ, ಸೋಪಿಗೆ ಸುಲಭವಾಗಿ ಹೋಗುವುದಿಲ್ಲ. ಆರೋಪಿಯ ಬೆರಳು-ಉಗುರುಗಳ ಫೋಟೊ ಮೊದಲ ದಿನವೇ ತೆಗೆಯಬೇಕು. ನೀರು ಚಿಮುಕಿಸಿದಾಗ ತೆಂಗಿನಕಾಯಿಯ ಜುಟ್ಟು ಹೊತ್ತಿಕೊಂಡರೆ ಒಳಗಿರುವುದು ಸೋಡಿಯಂ ಚೂರು. ಅಲ್ಲಿ ನಮ್ಮವರು ಮಾಡುವ ತಪ್ಪು ಕೊಡ ತಂದು ಸುರಿಯುವುದು. ಸಾಕ್ಷ್ಯವೂ ಹೋಗುತ್ತದೆ, ಮುಖಕ್ಕೂ ಸಿಡಿಯುತ್ತದೆ. ಒಣ ಮರಳು ಹಾಕಿ.

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಬಾನಾಮತಿ (ಮಾಟದ ಕಾಟವೆಂದು ಜನ ನಂಬುವುದು) ಇದಕ್ಕಿಂತ ಸೂಕ್ಷ್ಮ. ಬಟ್ಟೆ ಹರಿಯುತ್ತದೆ, ಮಾಳಿಗೆಗೆ ಕಲ್ಲು ಬೀಳುತ್ತದೆ. ಇಲ್ಲಿ ರಸಾಯನಶಾಸ್ತ್ರಕ್ಕಿಂತ ಒಂದು ನೋಟ್‌ಬುಕ್ ಹೆಚ್ಚು ಕೆಲಸ ಮಾಡುತ್ತದೆ: ಪ್ರತಿ ಘಟನೆಯ ಗಂಟೆ, ಆಗ ಯಾರು ಎಲ್ಲಿದ್ದರು, ಮೊದಲು ಕಂಡವರು ಯಾರು. ನಾಲ್ಕೈದು ದಿನದ ಪಟ್ಟಿಯಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬಂದರೆ, ದಯವಿಟ್ಟು, ಅದನ್ನು ಅಂಗಳದಲ್ಲಿ ಕೂಗಿ ಹೇಳಬೇಡಿ. ಬಹಳ ಸಲ ಅದು ಬಾಯಿಬಿಟ್ಟು ಹೇಳಲಾಗದ ಸಂಕಟದಲ್ಲಿರುವ ಸೊಸೆಯದೋ ಮಗುವಿನದೋ ಆಗಿರುತ್ತದೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಅಲ್ಲಿಂದಲೇ ಫೋನ್ ಹಚ್ಚಿ. ಇನ್ನೊಂದು ಕಣ್ಣು 'ಮಾಡಿಸಿದವರು' ಎಂದು ಊರು ಬೊಟ್ಟು ಮಾಡಿದವರ ಮನೆಯ ಮೇಲಿರಲಿ. ಮಂತ್ರ ಉಚ್ಚರಿಸಬಾರದೆಂದು ಅಂಥವರ ಹಲ್ಲು ಕಿತ್ತದ್ದನ್ನು ಗಡಿಯಾಚೆಯ ತೆಲಂಗಾಣ ಕಂಡಿದೆ.

ದೆವ್ವ ಬಿಡಿಸುವಾಗ ಕಟ್ಟಿಹಾಕುವುದು, ಚಾಟಿಯೇಟು, ಮೆಣಸಿನಕಾಯಿ ಹೊಗೆ ಎಲ್ಲವೂ ಕಾಯ್ದೆಯ ಅನುಸೂಚಿಯಲ್ಲಿವೆ. ಹೆರಿಗೆಯಾದ ಎರಡು ವಾರದೊಳಗೆ ನಿದ್ದೆಗೆಟ್ಟು ಏನೇನೋ ಮಾತಾಡುವ ಹೆಂಗಸಿಗಿರುವುದು ಬಾಣಂತಿ ಸನ್ನಿ. ಹಳ್ಳಿಯ ಹೆಸರೇ ಅದನ್ನು ಕಾಯಿಲೆ ಎನ್ನುತ್ತದೆ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಕಾಯಿಲೆಯೂ ಹೌದು. ಮೊದಲು ಆಸ್ಪತ್ರೆ, ಗಾಯದ ಪ್ರಮಾಣಪತ್ರ; ಬಾಸುಂಡೆ ಮಾಸುವ ಮೊದಲು ಫೋಟೊ; ಆಮೇಲೆ ಹೇಳಿಕೆ. ಹೇಳಿಕೆ ತೆಗೆದುಕೊಳ್ಳುವಾಗ ಗಂಡನ ಮನೆಯವರು ಪಕ್ಕದಲ್ಲಿರುವುದು ಬೇಡ.

ಇಷ್ಟಕ್ಕೂ ಹೊಸ ಕಾನೂನು ಬೇಕಿಲ್ಲ. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನಂತೆ ಜಪ್ತಿಯ ವಿಡಿಯೊ ಹೇಗೂ ಕಡ್ಡಾಯ. 176(3)ನೇ ಕಲಮು 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳ ಸ್ಥಳಕ್ಕೆ ವಿಧಿವಿಜ್ಞಾನ ತಜ್ಞರು ಹೋಗಬೇಕೆನ್ನುತ್ತದೆ. ಈ ಕಾಯ್ದೆಯ ಗರಿಷ್ಠ ಶಿಕ್ಷೆಯೂ 7 ವರ್ಷವೇ. ಹಾಗಾಗಿ ವಾಮಾಚಾರದ ಪ್ರಕರಣಕ್ಕೂ ಅವರನ್ನು ಕಳಿಸಿ ಎಂದು ಒಂದು ಸುತ್ತೋಲೆ ಹೊರಡಿಸಿ.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದ್ದು ತಮಗೆ ನೆನಪಿರಬಹುದು. ಬರಿಗೈಯಿಂದ ಉಂಗುರ ಸೃಷ್ಟಿಸಿ ತೋರಿಸುವವರಿಗೆ, ಉಂಗುರ ಬೇಡ, ಒಂದು ಕುಂಬಳಕಾಯಿ ಸೃಷ್ಟಿಸಿ ಎಂದು ಅವರು ಕೇಳುತ್ತಿದ್ದರು. ಅಂಗಿಯ ತೋಳಿನಲ್ಲಿ ಅಡಗದ ವಸ್ತು ಅದು. ನಮ್ಮ ಪೊಲೀಸರಿಗೂ ಅಂಥ ಪ್ರಶ್ನೆ ಕೇಳುವ ಅಭ್ಯಾಸ ಬೇಕು.

ಪ್ರತಿ ಠಾಣೆಗೆ ಒಂದು ಡಬ್ಬಿ ಕೊಡಿಸಿ: ಕಾಗದದ ಕವರು 20, ಲಿಟ್ಮಸ್ ಪಟ್ಟಿ, ವಾಷಿಂಗ್ ಸೋಡಾ, ಹತ್ತಿ, ಕೈಗವಸು, ಅರ್ಧ ಕಿಲೋ ಒಣ ಮರಳು, ಸೋಡಿಯಂ ಚೂರು ಸಿಕ್ಕರೆ ಮುಳುಗಿಸಿಡಲು ಸೀಮೆಎಣ್ಣೆಯ ಚಿಕ್ಕ ಬಾಟಲಿ. ಇದರಲ್ಲಿ ದುಬಾರಿಯದು ಯಾವುದೂ ಇಲ್ಲ. ಹೇಳಿಕೊಡಲು ಆಯಾ ತಾಲ್ಲೂಕಿನ ಪಿಯು ಕಾಲೇಜಿನ ಕೆಮಿಸ್ಟ್ರಿ ಉಪನ್ಯಾಸಕರು ಸಾಕು. ಒಂದೇ ಜಿಲ್ಲೆಯಿಂದ ಶುರುವಾದರೂ ಸರಿ, ಬರುವ ಅಮಾವಾಸ್ಯೆಯೊಳಗೆ ಆದರೆ ಒಳ್ಳೆಯದು. ಗಿರಾಕಿ ಹೆಚ್ಚುವುದು ಅವತ್ತೇ.

ಇತಿ,
ಪವಾಡಗಳ ಗುಟ್ಟು ಬಿಡಿಸಿ ತೋರಿಸುವ ಕೆಲಸದಲ್ಲಿರುವವರು