ಪರದೆ ಕಪ್ಪಾದ ಮಾತ್ರಕ್ಕೆ ಪಂಪು ಕೈತಪ್ಪಲ್ಲ

ಕೋಲಾರ

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆ ಸಮಾಚಾರ ನಿಮ್ಮಪ್ಪ ಫೋನಿನಲ್ಲಿ ಹೇಳಿರ್ತಾನೆ, ಅದನ್ನು ಬಿಡ್ತೀನಿ. ನಿನ್ನ ಕಾಗದದ ಕೊನೇ ಸಾಲು ನೆಮ್ಮದಿ ಕೆಡಿಸಿದೆ. "ರಾತ್ರಿ ಪಾಳಿಯಲ್ಲಿ ಲಿಂಕ್ ಹೋದರೆ ಅಷ್ಟೂ ಪಂಪ್‌ಹೌಸು ನನ್ನ ಕೈತಪ್ಪಿದ ಹಾಗೇ ಅಲ್ವಾ?" ಅಂತ ಕೇಳಿದ್ದೀಯ. ಲಿಂಕ್ ಅಂದರೆ ಊರಿನ ನೀರಿನ ಪಂಪ್‌ಹೌಸುಗಳಿಗೂ ನಿನ್ನ ಕಂಟ್ರೋಲ್ ರೂಮಿಗೂ ನಡುವಿನ ಸಂಪರ್ಕ ತಾನೇ.

ಕೈತಪ್ಪಲ್ಲ ಕಣಮ್ಮ. ಕಂಟ್ರೋಲ್ ರೂಮಿನ ಪರದೆ ಇರೋದು ನೋಡೋಕೆ, ಆದೇಶ ಕಳಿಸೋಕೆ. ಪಂಪನ್ನು ನಡೆಸೋದು ಅದರ ಪಕ್ಕದ ಪ್ಯಾನಲ್‌ನಲ್ಲಿರೋ ಪಿಎಲ್‌ಸಿ, ಅಂದರೆ ಯಂತ್ರ ನಡೆಸೋ ಪುಟ್ಟ ಕಂಪ್ಯೂಟರು. ನಿನ್ನದು 1962ರ ಭಯ. ಆ ವರ್ಷ ಇಂಗ್ಲೆಂಡಿನ ಫ್ಲೀಟ್‌ವುಡ್‌ನಲ್ಲಿ ಐಸಿಐ ಅನ್ನೋ ರಾಸಾಯನಿಕ ಕಂಪನಿಯವರು ಸೋಡಾ ಆ್ಯಶ್ ಕಾರ್ಖಾನೆಯ ನೂರಕ್ಕೂ ಹೆಚ್ಚು ವಾಲ್ವುಗಳನ್ನು ಒಂದೇ ಫೆರಾಂಟಿ ಕಂಪ್ಯೂಟರಿಗೆ ಕಟ್ಟಿದರು. ಅಂಥ ಏರ್ಪಾಟಿನಲ್ಲಿ ಒಂದು ಯಂತ್ರ ಮಲಗಿದರೆ ಎಲ್ಲವೂ ಮಲಗಬೇಕು. 1975ರಲ್ಲಿ ಹನಿವೆಲ್‌ನ ಟಿಡಿಸಿ 2000, ಯೊಕೊಗಾವಾದ ಸೆಂಟಮ್ ಅನ್ನೋ ನಿಯಂತ್ರಣ ವ್ಯವಸ್ಥೆಗಳು ಬಂದಮೇಲೆ ಕೆಲಸ ಹಲವು ಕಂಟ್ರೋಲರುಗಳಿಗೆ ಹಂಚಿಹೋಯ್ತು. ಹನಿವೆಲ್‌ನ ಒಂದು ಕಂಟ್ರೋಲರಿಗೆ ಎಂಟೇ ಲೂಪು; ಲೂಪು ಅಂದರೆ ಒಂದು ಅಳತೆ ನೋಡಿ ಒಂದು ವಾಲ್ವು ತಿದ್ದೋ ಸುತ್ತು. ಅದು ಕೆಟ್ಟರೆ ಎಂಟು ಹೋಗ್ತವೆ, ಕಾರ್ಖಾನೆ ಹೋಗಲ್ಲ. ಕಂಪ್ಯೂಟರಿಗೂ ಹಿಂದೆ 3ರಿಂದ 15 ಪಿಎಸ್‌ಐ ಒತ್ತಡದ ಗಾಳಿಯಲ್ಲಿ ನಡೆಯೋ ಕಂಟ್ರೋಲರುಗಳು ಗೋಡೆ ತುಂಬ ಇರ್ತಿದ್ದವು, ಪ್ರತಿಯೊಂದಕ್ಕೂ ಅದರದೇ ಮುಳ್ಳು. ಅಂಥದ್ದೊಂದನ್ನು ನಿನಗೆ ತೋರಿಸೋಕೆ ಆಗಲಿಲ್ಲ ಅನ್ನೋ ಕೊರಗು ನನಗಿದೆ. ನೋಡಿದ್ದರೆ ಬಹುಶಃ ಈ ಪ್ರಶ್ನೆಯೇ ಬರ್ತಿರಲಿಲ್ಲ.

ನಮ್ಮ ಕೆರೆ ಕಟ್ಟಿದವರು ಕೋಡಿ ಇಟ್ಟರಲ್ಲ, ಅದು ಹರಿಯೋಕೆ ಯಾರ ಅಪ್ಪಣೆಗೂ ಕಾಯಲ್ಲ. ಸಂಪಿನ ನೀರು ಇಳಿದಾಗ ಪಂಪು ನಿಲ್ಲೋದೂ ಹಾಗೇ ಇರಬೇಕು. ಆ ಫ್ಲೋಟ್ ಸ್ವಿಚ್ಚಿನ ವೈರು ಪಿಎಲ್‌ಸಿಗೆ ಮಾತ್ರ ಹೋಗಿದ್ದರೆ ಸಾಲದು, ಮೋಟಾರಿಗೆ ಕರೆಂಟು ಕೊಡೋ ಸ್ಟಾರ್ಟರ್‌ನ ಕಾಯಿಲ್ ಸರ್ಕ್ಯೂಟಿನಲ್ಲೂ ಸೇರಿರಬೇಕು. ಆಗ ಲಿಂಕ್ ಜೊತೆಗೆ ಪಿಎಲ್‌ಸಿ ಸತ್ತರೂ ಪಂಪು ಒಣಗಿ ಓಡಲ್ಲ. ಇದೊಂದನ್ನು ಡ್ರಾಯಿಂಗಿನಲ್ಲಲ್ಲ, ಪ್ಯಾನಲ್ ತೆಗೆಸಿ ನೋಡು.

ಮತ್ತೆ ಲಿಂಕಿಗೇ ಬರ್ತೀನಿ. ಅದು ಹೋಗೋದಕ್ಕಿಂತ, ಹೋದದ್ದು ಗೊತ್ತಾಗದೇ ಇರೋದು ಕೆಟ್ಟದ್ದು. ಟ್ಯಾಂಕಿನ ಮಟ್ಟ 80 ಶೇಕಡ ಅಂತ ಪರದೆಯ ಮೇಲೆ ಹಾಗೇ ನಿಂತಿರುತ್ತೆ, ಅದು ಹಳೇ ಅಂಕಿ. ಟ್ಯಾಂಕಿನ ಕಡೆಯಿಂದ ಪಂಪಿನ ಪಿಎಲ್‌ಸಿಗೆ ಸೆಕೆಂಡಿಗೊಮ್ಮೆ ಏರೋ ಒಂದು ಎಣಿಕೆ ಬರ್ತಿರಲಿ. 30 ಸೆಕೆಂಡು ಅದು ಕದಲದಿದ್ದರೆ ಲಿಂಕ್ ಸತ್ತಿದೆ ಅಂತ ಪಂಪಿನ ಪಿಎಲ್‌ಸಿ ತಾನೇ ತೀರ್ಮಾನಿಸಬೇಕು. ಮಟ್ಟ ಅಳೆಯೋ ಉಪಕರಣ ವೈರಿನಲ್ಲಿ ಕಳಿಸೋ 4–20 ಮಿಲಿಆಂಪ್ ಕರೆಂಟಿನಲ್ಲಿ ಸೊನ್ನೆ ಮಟ್ಟಕ್ಕೆ 4 ಇಟ್ಟಿರೋದೂ ಇದಕ್ಕೇ. ವೈರು ಕಡಿದರೆ 0 ಬರುತ್ತೆ, ಖಾಲಿ ಟ್ಯಾಂಕು ಅಂತ ಮೋಸಹೋಗಲ್ಲ. 3.6ಕ್ಕಿಂತ ಕೆಳಗೆ ಹೋದರೆ ದೋಷ ಅಂತ ಬರೆಸು.

ಆಮೇಲೇನು ಅಂತ ಕೇಳ್ತೀಯ. ಕೂಡಲೇ ನಿಲ್ಲಿಸಿದರೆ ಊರಿಗೆ ನೀರಿಲ್ಲ, ಓಡಿಸುತ್ತಲೇ ಇದ್ದರೆ ಟ್ಯಾಂಕು ಉಕ್ಕುತ್ತೆ. 5 ಲಕ್ಷ ಲೀಟರಿನ ಟ್ಯಾಂಕು, ಗಂಟೆಗೆ 1 ಲಕ್ಷ ಲೀಟರ್ ಎತ್ತೋ ಪಂಪು ಅಂತಿಟ್ಟುಕೋ. ಕೊನೆಗೆ ಬಂದ ಸರಿಯಾದ ಮಟ್ಟ 80 ಶೇಕಡ ಆದರೆ ಉಳಿದ ಜಾಗ 1 ಲಕ್ಷ. ಯಾರೂ ನಲ್ಲಿ ತಿರುಗಿಸಲಿಲ್ಲ ಅಂದರೂ ಒಂದು ಗಂಟೆ ಇದೆ. ಅದರ 70 ಶೇಕಡ ಹಿಡಿದು 42 ನಿಮಿಷ ಓಡಿ ನಿಲ್ಲಲಿ. ಈ ಲೆಕ್ಕ ಪಿಎಲ್‌ಸಿಯಲ್ಲೇ ಇರಲಿ, ನಿನ್ನ ಕಂಪ್ಯೂಟರಿನಲ್ಲಿ ಬೇಡ.

ನಿಜವಾಗಿ ಹೆದರಬೇಕಾದ್ದು ಬೇರೆ ಇದೆ ತಾಯಿ: ಒಂದೊಂದೂ ತನ್ನಷ್ಟಕ್ಕೆ ಸರಿಯಾಗಿ ನಡೆದು, ಎಲ್ಲ ಸೇರಿ ಕೆಡಿಸೋದು. ಕರೆಂಟು ಬಂತು ಅಂದರೆ ಒಂದೇ ಫೀಡರಿನ ಪಂಪುಗಳೆಲ್ಲ ಒಟ್ಟಿಗೆ ಏಳ್ತವೆ, ವೋಲ್ಟೇಜ್ ಕುಸಿಯುತ್ತೆ, ಮತ್ತೆ ಎಲ್ಲ ಟ್ರಿಪ್. ಅದಕ್ಕೆ ಒಂದಕ್ಕೆ 30 ಸೆಕೆಂಡು, ಇನ್ನೊಂದಕ್ಕೆ 60, ಮತ್ತೊಂದಕ್ಕೆ 90 ಅಂತ ತಡ ಇಡಿಸು. ಒಂದೇ ಪೈಪಿಗೆ ತಳ್ಳೋ ಎರಡು ಪಂಪಿನ, ವೇಗ ಏರಿಸಿ ಇಳಿಸೋ ಡ್ರೈವುಗಳೂ ಅದೇ ಒತ್ತಡ ಹಿಡಿಯೋಕೆ ಹೊರಟರೆ ಗೇಜುಗಳ ಅರ್ಧ ಪಾಯಿಂಟಿನ ವ್ಯತ್ಯಾಸ ಸಾಕು, ಒಂದು ಪೂರ್ತಿ ವೇಗಕ್ಕೆ ಏರುತ್ತೆ, ಇನ್ನೊಂದು ಇಳಿದು ಮಲಗುತ್ತೆ. ಒಂದನ್ನು ನಿಗದಿ ವೇಗದಲ್ಲಿ ಬಿಟ್ಟು ಒತ್ತಡದ ಹೊಣೆ ಇನ್ನೊಂದಕ್ಕೆ ಮಾತ್ರ ಕೊಡಬೇಕು. ಇದಕ್ಕೂ ಲಿಂಕಿಗೂ ಸಂಬಂಧವೇ ಇಲ್ಲ, ನೋಡು.

ಜನರ ವಿಷಯವೂ ಇದೆ. ನಾನು ಹೇಳಬಾರದೇನೋ, ಅಲ್ಲಿ ನಿನಗೂ ಮೇಲಿನವರಿದ್ದಾರೆ. ಆದರೂ ರಾತ್ರಿ ಪಂಪ್‌ಹೌಸಿನಲ್ಲಿ ಮಲಗೋ ಆಪರೇಟರಿಗೆ ಪಂಪು ನಿಲ್ಲಿಸೋ ಅಧಿಕಾರ ಯಾರನ್ನೂ ಕೇಳದೆ ಇರಲಿ. ಚಾಲೂ ಮಾಡೋಕೆ ಮಾತ್ರ ನಿನ್ನನ್ನು ಕೇಳಲಿ. ಅವನು ಸೆಲೆಕ್ಟರ್ ಸ್ವಿಚ್ಚನ್ನು ಲೋಕಲ್‌ನಲ್ಲಿಟ್ಟು ಮರೆತರೆ ನಿನ್ನ ಆದೇಶ ಎಷ್ಟು ಕಳಿಸಿದರೂ ಮುಟ್ಟಲ್ಲ, ನೀನು ಲಿಂಕನ್ನು ಬೈತಾ ಕೂತಿರ್ತೀಯ. ಆ ಸ್ವಿಚ್ಚಿನ ಸ್ಥಿತಿ ಪರದೆಗೆ ಬರೋ ಹಾಗೆ ಮಾಡಿಸು.

ಇಷ್ಟಾದರೂ ಭಯ ಹೋಗದಿದ್ದರೆ, ಮೇಲಿನವರ ಒಪ್ಪಿಗೆ ತಗೊಂಡು, ನೀರಿನ ಬಳಕೆ ಕಡಿಮೆ ಇರೋ ಮಧ್ಯಾಹ್ನ ಒಂದು ಪಂಪ್‌ಹೌಸಿನ ಸಂಪರ್ಕದ ಕೇಬಲ್ ಬೇಕಂತಲೇ ಕೀಳಿಸು. ಪಂಪಿನ ಹತ್ತಿರ ಒಬ್ಬರು, ಟ್ಯಾಂಕಿನ ಹತ್ತಿರ ಒಬ್ಬರು ಇರಲಿ. 30 ಸೆಕೆಂಡಿಗೆ ಅಲಾರಂ ಬಂತಾ, ಲೆಕ್ಕ ಹಾಕಿದ ನಿಮಿಷಕ್ಕೆ ಪಂಪು ನಿಂತಿತಾ ಬರೆದುಕೋ. ಕೇಬಲ್ ವಾಪಸ್ ಹಾಕುವಾಗ ಇನ್ನೂ ಹುಷಾರು. ಮಧ್ಯೆ ನೀನು ಕಳಿಸಿದ್ದ ಹಳೇ ಚಾಲೂ ಆದೇಶ ಆಗ ಹೋಗಿ ಮುಟ್ಟಿ ಪಂಪು ಎದ್ದರೆ ಪ್ರೋಗ್ರಾಂ ತಿದ್ದಿಸಬೇಕು. ಏನಾಯ್ತು ಅಂತ ಬರಿ.

ಇಂತಿ,
ನಿನ್ನ ದೊಡ್ಡಪ್ಪ