ನಿನ್ನ ಕಾರಿನ ಎರಡನೇ ಕಂತು ಎಲ್ಲಿದೆ?

ಪ್ರಿಯ ಗೆಳೆಯ,

ನೀನು ಕಳುಹಿಸಿದ ಎರಡು ಹಳೆಯ ಇಮೇಲ್‌ಗಳು ತಲುಪಿದವು. ‘ಏನೋ ಕಸ ತುಂಬಿಕೊಂಡಿದೆ, ವೈರಸ್ ಇರಬೇಕು, ಅಳಿಸಿಬಿಡಲೇ?’ ಎಂದು ಕೇಳಿದ್ದೀಯ. ದಮ್ಮಯ್ಯ, ಅಳಿಸಬೇಡ. ಅದರೊಳಗೆ ಇರುವವನು ನೀನೇ. 1996ರಲ್ಲಿ ಅಮೆರಿಕದಲ್ಲಿ ಕೊಂಡ ಆ ಸೆಕೆಂಡ್‌ಹ್ಯಾಂಡ್ ಕಾರಿಗೆ ಒರಗಿಕೊಂಡು, ಅದೇನೋ ಮೈಸೂರು ಅರಮನೆಯನ್ನೇ ಗೆದ್ದವನಂತೆ ನಿಂತಿದ್ದೆಯಲ್ಲ, ಕಂತುಕಂತಾಗಿ ಬಂದ ಆ ಫೋಟೊ. ಲ್ಯಾಬಿನಲ್ಲಿ ಸ್ಕ್ಯಾನ್ ಮಾಡಿ ಕಳುಹಿಸಿದ್ದು ನಿನ್ನ ಸಹಪಾಠಿ. ಹಾಗೆಂದು ನೀನೇ ಆಗ ಬರೆದಿದ್ದೆ. ಆದ್ದರಿಂದ ಅದು ಏನೆಂದು ನಿನಗೆ ಗುರುತು ಸಿಗದಿರುವುದು ಸಹಜ.

ಮೊದಲನೆಯದನ್ನು ತೆರೆದು ನೋಡು. ‘ಬಿಗಿನ್ 644’ ಎಂದು ಒಂದು ಸಾಲು, ಪಕ್ಕದಲ್ಲಿ ಫೈಲಿನ ಹೆಸರು. ಅಲ್ಲಿಂದ ಕೆಳಗೆ ಸಾಲುಸಾಲಾಗಿ ಅರ್ಥವಿಲ್ಲದ ಅಕ್ಷರಗಳು, ಪ್ರತಿ ಸಾಲಿನ ಮೊದಲಲ್ಲೂ ಇಂಗ್ಲಿಷಿನ ‘ಎಂ’. ಆ ಕಾಲದ ಇಮೇಲ್ ಹುಟ್ಟಿದ್ದೇ ಇಂಗ್ಲಿಷ್ ಅಕ್ಷರಗಳನ್ನು ಸಾಗಿಸುವುದಕ್ಕೆ. ಒಂದು ಅಕ್ಷರಕ್ಕೆ 7 ಬಿಟ್, ಅಂದರೆ ಏಳು ಸೊನ್ನೆ-ಒಂದುಗಳು, ಸಾಕು ಎಂದು ಲೆಕ್ಕ ಹಾಕಿದ್ದರು. ಚಿತ್ರದ ಫೈಲಿನಲ್ಲಾದರೋ ಪ್ರತಿ ಬೈಟಿಗೂ 8 ಬಿಟ್. ಹಾಗೇ ಕಳುಹಿಸಿದರೆ ದಾರಿಯಲ್ಲಿ ಯಾವುದಾದರೂ ಕಂಪ್ಯೂಟರ್ ಎಂಟನೆಯದನ್ನು ಕತ್ತರಿಸಿ ಎಸೆಯಬಹುದಿತ್ತು. ಈಗಿನವರು ಆಗ ಎಲ್ಲವೂ ನಿಧಾನ ಎಂದಷ್ಟೇ ತಿಳಿದುಕೊಂಡಿದ್ದಾರೆ. ನಿಧಾನವನ್ನು ಸಹಿಸಿಕೊಳ್ಳಬಹುದಿತ್ತು, ಚಿತ್ರಕ್ಕೆ ಆ ದಾರಿಯಲ್ಲಿ ಪ್ರವೇಶವೇ ಇರಲಿಲ್ಲ ಎಂಬುದು ನಿಜವಾದ ತೊಡಕು. ಅಕ್ಷರದ ವೇಷ ಹಾಕಿಸಿಯೇ ಅದನ್ನು ಕಳುಹಿಸಬೇಕಿತ್ತು.

ಆ ವೇಷ ಹಾಕುವ ಯುಯುಎನ್‌ಕೋಡ್ ಎಂಬ ಪ್ರೋಗ್ರಾಮನ್ನು 1980ರಲ್ಲಿ ಬರ್ಕ್ಲಿಯಲ್ಲಿ ಬರೆದವರು ಮೇರಿ ಆನ್ ಹಾರ್ಟನ್. ಕಾಗದ ಪೆನ್ನು ಹಿಡಿದು ನೀನೇ ಮಾಡಿ ನೋಡಬಹುದು. ನಿನ್ನದು ಜಿಐಎಫ್ ಎಂಬ ಬಗೆಯ ಚಿತ್ರ. ಅಂಥ ಫೈಲುಗಳೆಲ್ಲ ಜಿ, ಐ, ಎಫ್ ಎಂಬ ಮೂರು ಅಕ್ಷರಗಳಿಂದಲೇ ಶುರುವಾಗುತ್ತವೆ. ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ ಅವುಗಳ ಸಂಖ್ಯೆ 71, 73, 70. ಮೂರೂ ಸೇರಿ 24 ಬಿಟ್. ಅದನ್ನು ಆರಾರು ಬಿಟ್‌ನ ನಾಲ್ಕು ಪಾಲು ಮಾಡಿದರೆ ಬರುವುದು 17, 52, 37, 6. ಆಸ್ಕಿಯಲ್ಲಿ 32ಕ್ಕಿಂತ ಕೆಳಗಿರುವುವು ಅಕ್ಷರಗಳಲ್ಲ, ಯಂತ್ರಕ್ಕೆ ಕೊಡುವ ಸೂಚನೆಗಳು; ಹಾಗಾಗಿ ಪ್ರತಿಯೊಂದಕ್ಕೂ 32 ಕೂಡಿಸು. 49, 84, 69, 38 ಆಯಿತು. ಪಟ್ಟಿಯಲ್ಲಿ ನೋಡಿದರೆ ‘1’, ‘ಟಿ’, ‘ಇ’ ಮತ್ತು ‘&’. ಈಗ ನಿನ್ನ ಕಸದ ಮೊದಲ ಸಾಲು ನೋಡು, ‘ಎಂ’ ಆದ ಮೇಲೆ ಇವೇ ನಾಲ್ಕು ಇವೆ. ಆ ‘ಎಂ’ ಕೂಡ ಸುಮ್ಮನೆ ಬಂದದ್ದಲ್ಲ: ಒಂದು ಸಾಲಿನಲ್ಲಿ ಚಿತ್ರದ 45 ಬೈಟ್ ಇವೆ ಎಂಬ ಲೆಕ್ಕ ಅದು. 45ಕ್ಕೆ 32 ಕೂಡಿಸಿದರೆ 77, ಅಂದರೆ ‘ಎಂ’. ಕೊನೆಯ ಸಾಲು ಗಿಡ್ಡವಾದರೆ ಮಾತ್ರ ಅಕ್ಷರ ಬದಲಾಗುತ್ತದೆ.

ಮೂರು ಬೈಟ್ ನಾಲ್ಕಾಗುವುದರಿಂದ ಫೈಲು ಉಬ್ಬುತ್ತದೆ. ಕಂತುಗಳ ಸಾಲು ಎಣಿಸಿದರೆ ನಿನ್ನ ಚಿತ್ರ ಸುಮಾರು 90,000 ಬೈಟ್ ಇದ್ದಿರಬೇಕು. ಅದು 2,000 ಸಾಲಾಗಿ, ಸಾಲಿನ ತುದಿಯ ಗುರುತುಗಳೂ ಸೇರಿ 1,24,000 ಅಕ್ಷರವಾಗಿದೆ. 64 ಕಿಲೋಬೈಟ್ ದಾಟಿದ ಪತ್ರವನ್ನು ಎಷ್ಟೋ ಕಡೆ ಮುಂದಕ್ಕೆ ಬಿಡುತ್ತಿರಲಿಲ್ಲವಾದ್ದರಿಂದ ನಿನ್ನ ಸಹಪಾಠಿ ಮೂರು ಕಂತು ಮಾಡಿದ್ದಾನೆ.

ಕಳುಹಿಸುವವನ ಕೆಲಸ ಅಲ್ಲಿಗೆ ಮುಗಿಯಿತು. ಉಳಿದ ಪಾಡೆಲ್ಲ ಈ ಕಡೆಯವನದು. 1995ರ ಆಗಸ್ಟ್ 15ರಂದು ಆಗ ಸರ್ಕಾರಿ ದೂರಸಂಪರ್ಕ ಸಂಸ್ಥೆಯಾಗಿದ್ದ ವಿಎಸ್‌ಎನ್‌ಎಲ್ ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಿತಲ್ಲ, ನಾನು ಕೊಂಡಿದ್ದು ಅದರಲ್ಲಿ ಅಗ್ಗದ ಶೆಲ್ ಖಾತೆ. ಅದರಲ್ಲಿ ಅಕ್ಷರ ಬಿಟ್ಟರೆ ಬೇರೇನೂ ಕಾಣದು. ಕಂತುಗಳು ಬರುವುದು ಹಿಂದುಮುಂದಾಗಿ. ಮೂರನ್ನೂ ಉಳಿಸಿಕೊಂಡು, ಪ್ರತಿಯೊಂದರ ತಲೆಯ ಮೇಲಿನ ವಿಳಾಸ ದಿನಾಂಕಗಳನ್ನೂ ಬಾಲದ ಸಹಿಯನ್ನೂ ಅಳಿಸಿ, ಒಂದರ ಕೆಳಗೊಂದು ಜೋಡಿಸಬೇಕು. ಸೊನ್ನೆಗೆ 32 ಕೂಡಿಸಿ ಖಾಲಿ ಜಾಗವಾಗಿ ಬರೆಯುವ ಹಳೆಯ ಎನ್‌ಕೋಡರ್‌ ಆಗಿದ್ದರೆ ಇನ್ನೊಂದು ಕಾಟ: ಸಾಲಿನ ತುದಿಯ ಖಾಲಿ ಜಾಗವನ್ನು ದಾರಿಯ ಕಂಪ್ಯೂಟರ್‌ಗಳು ಅನಗತ್ಯವೆಂದು ನುಂಗಿಬಿಡುತ್ತಿದ್ದವು. ಜಾಣತನವೆಂದರೆ ಅಲ್ಲೇ, ಸರ್ವರಿನಲ್ಲೇ ವೇಷ ಕಳಚಿಸಿ, ಆಮೇಲೆ ಝೆಡ್‌ಮೋಡೆಮ್ ಎಂಬ ಫೈಲು ಸಾಗಿಸುವ ಕ್ರಮದ ಮೂಲಕ ಮನೆಯ ಕಂಪ್ಯೂಟರಿಗೆ ಇಳಿಸುವುದು. ಉಬ್ಬಿದ ಭಾರವನ್ನು ಫೋನ್ ತಂತಿಯ ಮೇಲೆ ಹೊರುವುದು ತಪ್ಪುತ್ತಿತ್ತು. ನಡುವೆ ಅಮ್ಮ ಪಕ್ಕದ ಕೋಣೆಯ ಫೋನ್ ಎತ್ತಿದರೆ ಸಂಪರ್ಕ ಢಮಾರ್. ಪುಣ್ಯಕ್ಕೆ ಝೆಡ್‌ಮೋಡೆಮ್ ನಿಂತಲ್ಲಿಂದಲೇ ಮುಂದುವರಿಸಬಲ್ಲದು.

ವಿಚಿತ್ರವೆಂದರೆ ಇದಕ್ಕೆಲ್ಲ ಪರಿಹಾರ 1992ರಲ್ಲೇ ಬಂದಿತ್ತು. ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಎಂಬಿಬ್ಬರು ಮೈಮ್ ಎಂಬ ಕ್ರಮ ರೂಪಿಸಿದ್ದರು. ಆ ವರ್ಷದ ಮಾರ್ಚಿನಲ್ಲಿ ಬೋರೆನ್‌ಸ್ಟೈನ್ ತಾನೂ ಹಾಡುತ್ತಿದ್ದ ನಾಲ್ವರ ಗಾಯನ ತಂಡದ ಫೋಟೊವನ್ನೂ ಹಾಡನ್ನೂ ಇಮೇಲಿಗೆ ಲಗತ್ತಿಸಿ ಕಳುಹಿಸಿದ. ನಿನ್ನ ಲ್ಯಾಬಿನವನಿಗೆ ಹಳೆಯ ಅಭ್ಯಾಸ ಬಿಟ್ಟಿರಲಿಲ್ಲ, ಅಷ್ಟೇ. ಮೈಮ್ ಕೂಡ ವೇಷವನ್ನು ಕೈಬಿಡಲಿಲ್ಲ, ದಾರಿಯಲ್ಲಿ ಕೆಡದಂಥ ಅಕ್ಷರಗಳನ್ನು ಆರಿಸಿಕೊಂಡಿತು. ಇವತ್ತು ನೀನು ಮೊಮ್ಮಗಳ ಫೋಟೊ ಇಮೇಲಿನಲ್ಲಿ ಕಳುಹಿಸಿದರೂ ಸಾಮಾನ್ಯವಾಗಿ ಒಳಗೊಳಗೇ ಮೂರು ಬೈಟ್ ನಾಲ್ಕು ಅಕ್ಷರವಾಗಿಯೇ ಹೋಗುತ್ತದೆ.

ಇರಲಿ, ವಿಷಯಕ್ಕೆ ಬರುತ್ತೇನೆ. ನನ್ನ ಬಳಿ ಇದ್ದ ಪ್ರತಿ ಫ್ಲಾಪಿಯಲ್ಲಿತ್ತು, ಫ್ಲಾಪಿಗೆ ಬೂಷ್ಟು ಹಿಡಿಯಿತು. ನೀನು ಕಳುಹಿಸಿರುವುದು ಒಂದನೇ ಮತ್ತು ಮೂರನೇ ಕಂತು. ಪೈಥಾನ್‌ ಎಂಬ ಪ್ರೋಗ್ರಾಮಿಂಗ್ ಭಾಷೆಯವರು 3.13ನೇ ಆವೃತ್ತಿಯಲ್ಲಿ ಈ ವೇಷ ಕಳಚುವ ಮಾಡ್ಯೂಲನ್ನೇ ಕಿತ್ತುಹಾಕಿದ್ದಾರೆ. ಲಿನಕ್ಸ್‌ಗೆ ಇನ್ನೂ ಸಿಗುವ ಹಳೆಯ ಯುಯುಡಿಕೋಡ್‌ನಿಂದ ಬಿಚ್ಚಿದೆ. ಮೂರನೆಯದು ಸದ್ಯಕ್ಕೆ ಉಪಯೋಗಕ್ಕಿಲ್ಲ, ಏಕೆಂದರೆ ಜಿಐಎಫ್‌ನಲ್ಲಿ ಮುಂದಿನದನ್ನು ಓದಲು ಹಿಂದಿನದೆಲ್ಲ ಬೇಕು. ಆದರೆ ನಿನ್ನ ಸಹಪಾಠಿ ಪುಣ್ಯಾತ್ಮ, ಚಿತ್ರವನ್ನು ಇಂಟರ್‌ಲೇಸ್ ಮಾಡಿದ್ದಾನೆ: ಮೊದಲು ಎಂಟಕ್ಕೊಂದು ಗೆರೆ, ಆಮೇಲೆ ಅವುಗಳ ನಡುವಿನವು, ಹೀಗೆ ನಾಲ್ಕು ಸುತ್ತು. ಹಾಗಾಗಿ ಮೂರನೇ ಒಂದು ಪಾಲಿನಲ್ಲೇ ಇಡೀ ಚಿತ್ರ ಒರಟೊರಟಾಗಿ ಮೂಡಿದೆ. ಮೇಲಿನ ಭಾಗ ಕೊಂಚ ಸ್ಪಷ್ಟ. ಆಕಾಶ 256 ಬಣ್ಣಗಳ ಜಿಪುಣತನದಲ್ಲಿ ಪಟ್ಟೆಪಟ್ಟೆಯಾಗಿದೆ, ನಿನ್ನ ತಲೆತುಂಬ ಕೂದಲಿದೆ, ಕಾರು ಕೆಂಪು ಎಂದು ಗೊತ್ತಾಗುತ್ತದೆ. ಬಾನೆಟ್ಟಿನ ಮೇಲೆ ಏನೋ ಇಟ್ಟಿದ್ದೀಯ. ನಿಂಬೆಹಣ್ಣೋ ತೆಂಗಿನಕಾಯಿಯೋ ತಿಳಿಯುತ್ತಿಲ್ಲ.

ಅದೇ ಹಳೆಯ ಫೋಲ್ಡರಿನಲ್ಲಿ ಎರಡನೇ ಕಂತು ಹುಡುಕು. ಅದರಲ್ಲಿ ‘ಬಿಗಿನ್’ ಸಾಲು ಇರುವುದಿಲ್ಲ, ಮೇಲಿಂದ ಕೆಳಗಿನವರೆಗೂ ಬರೀ ‘ಎಂ’ಗಳು. ಸಿಕ್ಕರೆ ಫೈಲಾಗಿ ಉಳಿಸಿ ಲಗತ್ತಿಸು. ಅಕ್ಷರಗಳನ್ನು ವಾಟ್ಸ್ಆ್ಯಪ್‌ಗೆ ಅಂಟಿಸಬೇಡ, ನಡುನಡುವೆ ನಕ್ಷತ್ರದ ಗುರುತು ಕಂಡರೆ ಅದು ದಪ್ಪಕ್ಷರ ಮಾಡಲು ಹೊರಡುತ್ತದೆ.

ಮನೆಯಲ್ಲಿ ಎಲ್ಲರನ್ನೂ ಕೇಳಿದೆನೆಂದು ಹೇಳು.

ಇಂತಿ ನಿನ್ನ
ಗೆಳೆಯ