ಫಾಸ್ಟರ್ ಪೋಷಕರಾಗಲು ನಮ್ಮನ್ನು ಸಿದ್ಧಗೊಳಿಸಿದವರಿಗೆ

ಈ ವಾರ ನಮ್ಮ ತರಬೇತಿ ಫೈಲಿಗೆ ಕೊನೆಯ ಸಹಿ ಬಿತ್ತು. ಇಂಗ್ಲೆಂಡಿನಲ್ಲಿ ಫಾಸ್ಟರ್ ಪೋಷಕರಾಗಿ, ಅಂದರೆ ಹೆತ್ತವರ ಜೊತೆ ಇರಲಾಗದ ಮಕ್ಕಳನ್ನು ತಮ್ಮ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವವರಾಗಿ, ಅನುಮೋದನೆ ಪಡೆದವರು 12 ತಿಂಗಳೊಳಗೆ ಪೂರೈಸಬೇಕಾದ ಏಳು ತರಬೇತಿ ಮಾನದಂಡಗಳನ್ನು ನಾನೂ ನನ್ನ ಪತಿಯೂ ಮುಗಿಸಿದ್ದೇವೆ. ಮೊದಲ ವಾರ್ಷಿಕ ಪರಿಶೀಲನೆಯೂ ಆಗಿ, ಮುಂದುವರಿಯಬಹುದೆಂಬ ಪತ್ರ ಕೈಸೇರಿದೆ. ಸಂಬಂಧಪಟ್ಟವರಿಗೆಲ್ಲ ಮುಖತಃ ಧನ್ಯವಾದ ಹೇಳಿದ್ದೇನೆ. ಆದರೂ ಹತ್ತು ಜನರ ಮುಂದೆ ಒಮ್ಮೆ ಹೇಳದಿದ್ದರೆ ಮನಸ್ಸು ಕೇಳುವುದಿಲ್ಲ.

ನಮ್ಮ ಮನೆಯಲ್ಲಿರುವ ಮಗುವಿನ ಬಗ್ಗೆ ಮಾತ್ರ ಇಲ್ಲಿ ಏನೂ ಬರೆಯುವುದಿಲ್ಲ. ಆ ಕಥೆ ಮಗುವಿನ ಸ್ವಂತದ್ದು. ಯಾರಿಗೆ, ಯಾವಾಗ ಹೇಳಬೇಕೆಂದು ತೀರ್ಮಾನಿಸುವುದೂ ಅದಕ್ಕೇ ಬಿಟ್ಟದ್ದು. ತರಬೇತಿಯಲ್ಲಿ ನಾವು ಕಲಿತ ಮೊದಲ ಪಾಠಗಳಲ್ಲಿ ಇದೂ ಒಂದು.

ಎಲ್ಲರಿಗಿಂತ ಮೊದಲು ನೆನಪಾಗುವುದು ಆ ಯುವತಿ. ಅನುಮೋದನೆಗೆ ಮುಂಚಿನ ಸಿದ್ಧತಾ ತರಬೇತಿಯಲ್ಲಿ ಮಾತನಾಡಲು ಬಂದಿದ್ದರು. ಬೇರೆ ಬೇರೆ ಫಾಸ್ಟರ್ ಮನೆಗಳಲ್ಲಿ ಬೆಳೆದವರು. ಮಗುವಿಗೂ ಅದನ್ನು ಸಾಕುವವರಿಗೂ ನಡುವಿನ ನಂಟನ್ನು ವಿವರಿಸುವ ಬಾಂಧವ್ಯ ಸಿದ್ಧಾಂತವನ್ನು ರೂಪಿಸಿದ ಜಾನ್ ಬೌಲ್ಬಿ, ಮೇರಿ ಏನ್ಸ್‌ವರ್ತ್ ಎಂದು ನಾವೆಲ್ಲ ಟಿಪ್ಪಣಿ ಮಾಡಿಕೊಳ್ಳುತ್ತ ಕುಳಿತಿದ್ದ ಕೋಣೆಗೆ ಬಂದು, ಮೇಜಿನ ಮೇಲೆ ಕಸ ತುಂಬುವ ಕಪ್ಪು ಪ್ಲಾಸ್ಟಿಕ್ ಚೀಲವೊಂದನ್ನು ಇಟ್ಟರು. ತಮ್ಮ ಬಟ್ಟೆ, ಪುಸ್ತಕ, ಬೊಂಬೆಗಳೆಲ್ಲ ಮನೆಯಿಂದ ಮನೆಗೆ ಹೋಗುತ್ತಿದ್ದುದು ಇಂಥ ಚೀಲದಲ್ಲೇ ಎಂದರು. ನಿಮ್ಮ ಮನೆಯಿಂದ ಹೊರಡುವ ಮಗುವಿಗೆ ದಯವಿಟ್ಟು ಒಂದು ಸೂಟ್‌ಕೇಸ್ ಕೊಟ್ಟು ಕಳುಹಿಸಿ ಎಂದು ಕೇಳಿಕೊಂಡರು. ಹಾಗೆಯೇ, ಹೊಸದಾಗಿ ಬಂದ ಮಗುವಿನ ಬಟ್ಟೆಗಳನ್ನು ಅದನ್ನು ಕೇಳದೆ ಒಗೆಯಬೇಡಿ ಎಂದರು. ಏಕೆಂದು ಯಾರೋ ಕೇಳಿದಾಗ, “ಅವುಗಳಲ್ಲಿ ಅಮ್ಮನ ವಾಸನೆ ಇರುತ್ತದೆ” ಎಂದು ಹೇಳಿ ಸುಮ್ಮನಾದರು. ಬಾಂಧವ್ಯ ಸಿದ್ಧಾಂತದ ಬಗ್ಗೆ ನಾನು ಆಮೇಲೆ ಎಷ್ಟೋ ಪುಟ ಓದಿದ್ದೇನೆ. ಆ ಒಂದು ವಾಕ್ಯ ತಿಳಿಸಿಕೊಟ್ಟಷ್ಟು ಅವು ತಿಳಿಸಿಕೊಡಲಿಲ್ಲ. ತಮ್ಮ ನೋವನ್ನು ಅಪರಿಚಿತರೆದುರು ಬಿಚ್ಚಿಟ್ಟು, ಮುಂದಿನ ಮಕ್ಕಳಿಗೆ ಅದು ತಾಗದಿರಲಿ ಎಂದು ಬಯಸುವ ಇಂಥವರಿಗೆ ನಾವು ಎಷ್ಟು ಋಣಿಗಳಾದರೂ ಸಾಲದು.

ನಮ್ಮ ಮೇಲ್ವಿಚಾರಣೆಯ ಸೋಷಿಯಲ್ ವರ್ಕರ್ ಅವರಿಗೆ ನಮಸ್ಕಾರ. ದಿನಚರಿ ದಾಖಲೆ ಬರೆಯುವುದನ್ನು ಅವರು ಕಲಿಸಿದ ರೀತಿಯೇ ಬೇರೆ. ಅಭ್ಯಾಸಕ್ಕೆಂದು ಅವರು ಕೊಟ್ಟ ವಾಕ್ಯ: “ಸಂಜೆ ಹಠ ಮಾಡಿ ಊಟ ಬಿಟ್ಟ.” ಇದರಲ್ಲಿ ಏನು ಗೊತ್ತಾಯಿತು ಎಂದು ಕೇಳಿ, ಒಂದೊಂದಾಗಿ ಬಿಡಿಸುತ್ತ ಹೋದರು. ಊಟಕ್ಕೆ ಮುಂಚೆ ಏನಾಗಿತ್ತು? ಅಂದು ಹೆತ್ತವರ ಭೇಟಿ ಇತ್ತೇ? ಮಗು ಏನು ಹೇಳಿತು, ಅದರದೇ ಮಾತಿನಲ್ಲಿ? ನೀವು ಏನು ಮಾಡಿದಿರಿ? ನೋಡಿದ್ದು ಯಾವುದು, ಊಹಿಸಿದ್ದು ಯಾವುದು? ಇಲ್ಲಿನ ನಿಯಮದಂತೆ, ಸರ್ಕಾರದ ಆರೈಕೆಯಲ್ಲಿದ್ದ ಮಗುವಿನ ಕಡತವನ್ನು ಆ ವ್ಯಕ್ತಿಗೆ 75 ವರ್ಷ ತುಂಬುವವರೆಗೆ ಕಾಪಾಡಬೇಕು. ದೊಡ್ಡವರಾದ ಮೇಲೆ ಎಷ್ಟೋ ಜನ ಅದನ್ನು ತರಿಸಿಕೊಂಡು ಓದುತ್ತಾರೆ. ಬಾಲ್ಯದ ಬಗ್ಗೆ ಹೇಳಲು ಮನೆಯ ಹಿರಿಯರು ಜೊತೆಗಿಲ್ಲದವರಿಗೆ ಆ ಪುಟಗಳೇ ಆಸರೆ. ಇದನ್ನು ತಿಳಿದ ಮೇಲೆ ರಾತ್ರಿ ದಾಖಲೆ ಬರೆಯುವುದು ನನಗೆಂದೂ ಹೊರೆಯೆನಿಸಿಲ್ಲ.

ಮಗುವಿನ ಸೋಷಿಯಲ್ ವರ್ಕರ್ ಅವರಿಗೂ ಇದು ವೃತ್ತಿಯ ಮೊದಲ ವರ್ಷ. ಹೊಸದಾಗಿ ಪದವಿ ಪಡೆದು ಬಂದವರಿಗೆ ಮೊದಲ ವರ್ಷ ಕಡಿಮೆ ಪ್ರಕರಣ ಕೊಟ್ಟು, ಹಿರಿಯರೊಂದಿಗೆ ನಿಯಮಿತವಾಗಿ ಕುಳಿತು ಚರ್ಚಿಸಲು ಸಮಯ ಮೀಸಲಿಡುವ ವ್ಯವಸ್ಥೆ ಇದೆ. ಅದು ಕಾಗದದಲ್ಲಷ್ಟೇ ಉಳಿಯದಂತೆ ನೋಡಿಕೊಂಡ ಅವರ ತಂಡದ ಮುಖ್ಯಸ್ಥರಿಗೆ ವಿಶೇಷ ವಂದನೆ. ಆ ಸಮಯ ಸಿಕ್ಕಿದ್ದರಿಂದಲೇ ಆಕೆ ಹೇಳಿದ ದಿನ, ಹೇಳಿದ ಹೊತ್ತಿಗೆ ಬಂದರು. ಗಡಿಯಾರ ನೋಡದೆ ನೆಲದ ಮೇಲೆ ಕುಳಿತು ಮಾತನಾಡಿದರು. ಖರ್ಚು ಕಡಿತದ ಮಾತು ಬಂದಾಗಲೆಲ್ಲ ಮೊದಲು ಕತ್ತರಿ ಬೀಳುವುದು ತರಬೇತಿಗೆ. ಅದನ್ನು ದುಂದುವೆಚ್ಚವೆಂದು ಬಗೆಯುವವರು ಒಮ್ಮೆ ಇಂಥ ಭೇಟಿಯ ಹೊತ್ತಿಗೆ ಮನೆಯೊಂದರಲ್ಲಿ ಇರಬೇಕು.

ನಮಗೆ ಮಾರ್ಗದರ್ಶಕಿಯಾಗಿದ್ದ ಹಿರಿಯ ಫಾಸ್ಟರ್ ತಾಯಿಗೆ ಯಾವ ಮಾತಿನಲ್ಲಿ ಕೃತಜ್ಞತೆ ಹೇಳಲಿ? ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡಿದರೂ ಎತ್ತಿದರು. ದಿಂಬಿನ ಕೆಳಗೆ ಬ್ರೆಡ್ ಬಚ್ಚಿಡುವ ಮಕ್ಕಳನ್ನು ತಮ್ಮ ಅನುಭವದಲ್ಲಿ ಎಷ್ಟೋ ಕಂಡಿದ್ದಾಗಿ ಹೇಳಿದರು. ಅದನ್ನು ಕಳ್ಳತನವೆನ್ನಬೇಡಿ, ನಾಳೆ ಊಟ ಸಿಗುವುದೆಂಬ ನಂಬಿಕೆ ಆ ಮಗುವಿಗೆ ಇನ್ನೂ ಹುಟ್ಟಿಲ್ಲ. ಕೋಣೆಯಲ್ಲೇ ತಿಂಡಿಯ ಡಬ್ಬಿಯೊಂದನ್ನಿಟ್ಟು, ಖಾಲಿಯಾದಂತೆ ತುಂಬಿಸುತ್ತಿರಿ ಎಂದು ವಿವರಿಸಿದರು.

ನಮ್ಮ ಅನುಮೋದನೆಯನ್ನು ಪರಿಶೀಲಿಸಿದ ಪ್ಯಾನೆಲ್‌ನಲ್ಲಿ ಕುಳಿತು ಕಠಿಣ ಪ್ರಶ್ನೆಗಳನ್ನು ಕೇಳಿದವರಿಗೆ, ಕೆಲಸಕ್ಕೆ ಹೋಗುವವರಿಗಾಗಿ ಅದೇ ತರಗತಿಯನ್ನು ಸಂಜೆ ಮತ್ತೆ ನಡೆಸಿದ ತರಬೇತುದಾರರಿಗೆ ಧನ್ಯವಾದಗಳು. ನಮ್ಮ ಮಗಳಿಗೂ. ಅಪ್ಪ ಅಮ್ಮನ ಸಮಯವನ್ನು ಹಂಚಿಕೊಳ್ಳಲು ಒಪ್ಪಿದ್ದಲ್ಲದೆ, ಪೋಷಕರ ಸ್ವಂತ ಮಕ್ಕಳಿಗೆಂದು ನಡೆದ ತರಬೇತಿಗೆ ತಾನೇ ಹೋಗಿ ಬಂದಳು.

ಮುಂದಿನ ಸಿದ್ಧತಾ ತರಬೇತಿಯಲ್ಲಿ ಹೊಸಬರೊಂದಿಗೆ ಮಾತನಾಡಲು ನಮ್ಮಿಬ್ಬರನ್ನೂ ಕರೆದಿದ್ದಾರೆ. ಸಂತೋಷದಿಂದ ಒಪ್ಪಿಕೊಂಡಿದ್ದೇವೆ. ಇಲ್ಲಿರುವ ಕನ್ನಡದ ಕುಟುಂಬಗಳಲ್ಲಿ ಯಾರಿಗಾದರೂ ಈ ಕೆಲಸದ ಬಗ್ಗೆ ವಿಚಾರಿಸುವ ಮನಸ್ಸಿದ್ದರೆ ಸಂಕೋಚವಿಲ್ಲದೆ ನನ್ನನ್ನು ಕೇಳಿ.